ಬಸುರಿನ ನಲವತ್ತು ವಾರ: ಯಾವುದು ಮಾಮೂಲು, ಯಾವುದಕ್ಕೆ ಕೂಡಲೇ ಹೊರಡಬೇಕು

ನನ್ನ ಮೊದಲ ಬಸುರಿನ 33ನೇ ವಾರ. ಬೆಳಗ್ಗೆ ಎದ್ದು ನೋಡಿದರೆ ಬೆರಳಿನಿಂದ ಉಂಗುರ ಬರುತ್ತಿಲ್ಲ. ಸೋಪು ಹಚ್ಚಿದೆ, ತೆಂಗಿನೆಣ್ಣೆ ಹಚ್ಚಿದೆ, ಊಹೂಂ. ಎರಡು ದಿನದಿಂದ ತಲೆನೋವೂ ಇತ್ತು. ಅತ್ತೆಗೆ ಹೇಳಿದೆ, ಪಕ್ಕದ ಮನೆಯ ಅಕ್ಕನಿಗೆ ಹೇಳಿದೆ, ಅಮ್ಮನಿಗೆ ಫೋನ್ ಮಾಡಿದೆ. ಮೂವರದ್ದೂ ಒಂದೇ ಮಾತು: "ಬಸುರಿ ಅಂದ ಮೇಲೆ ಹಾಗೇ ಅಲ್ವಾ, ಕೈಕಾಲಿಗೆ ಸ್ವಲ್ಪ ನೀರು ಬರ್ತದೆ." ಅವರು ಸುಳ್ಳು ಹೇಳಲಿಲ್ಲ. ಕಾಲಿಗೆ ನೀರು ಬರುವುದು ನಿಜವಾಗಿಯೂ ಮಾಮೂಲು. ಆದರೆ ಮೂರನೇ ದಿನ ಉಡುಪಿಗೆ ಹೋಗಿ ಬಿಪಿ ನೋಡಿಸಿದರೆ 150/100. ಮೂತ್ರದಲ್ಲಿ ಪ್ರೋಟೀನ್ ಬೇರೆ. ಮನೆಗೆ ವಾಪಸ್ ಕಳಿಸಲಿಲ್ಲ, ಅಲ್ಲೇ ಅಡ್ಮಿಟ್ ಮಾಡಿಕೊಂಡರು. ಮಗಳು 36ನೇ ವಾರದಲ್ಲಿ ಹುಟ್ಟಿದಳು, 2.1 ಕೆಜಿ. ಈಗ ಅಂಗಳ ತುಂಬ ಓಡಾಡುತ್ತಾಳೆ.

ಬಸುರಿನಲ್ಲಿ ನೆತ್ತಿಯಿಂದ ಪಾದದವರೆಗೆ ಮೈ ಬದಲಾಗುತ್ತದೆ. ಅದರಲ್ಲಿ ಹೆಚ್ಚಿನವು ಮಾಮೂಲು. ಅದಕ್ಕೇ, ಮಾಮೂಲಲ್ಲದ ಒಂದು ಬಂದಾಗ ಅದು ಉಳಿದವುಗಳ ನಡುವೆ ಅಡಗಿ ಕೂತುಬಿಡುತ್ತದೆ. ಯಾವ ವಾರದಲ್ಲಿ ಏನಾಗುತ್ತದೆ, ಯಾಕಾಗುತ್ತದೆ ಅಂತ ಗೊತ್ತಿದ್ದರೆ ಅದನ್ನು ಹಿಡಿಯುವುದು ಸುಲಭ. ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗಿಯರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಇದನ್ನು ಓದಿ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಹೋದಾಗ ಏನು ಕೇಳಬೇಕು ಅಂತ ತಿಳಿದುಕೊಳ್ಳಿ, ಅಷ್ಟು ಸಾಕು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ

ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಇಲ್ಲೇ ಅರ್ಧ ಗೊಂದಲ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಂದ 40 ವಾರ, ಅಂದರೆ 280 ದಿನ. ಗರ್ಭ ನಿಲ್ಲುವುದು ಸುಮಾರು ಎರಡು ವಾರ ಕಳೆದ ಮೇಲೆ. ಹಾಗಾಗಿ ನಿಮಗೆ "ಆರು ವಾರ" ಅಂದಾಗ ಮಗುವಿಗೆ ನಿಜವಾಗಿ ನಾಲ್ಕೇ ವಾರ. ಮುಟ್ಟು ತಪ್ಪಿ ನಾಲ್ಕೈದು ದಿನ ಆಗುವಷ್ಟರಲ್ಲೇ ನಿಮ್ಮ ಲೆಕ್ಕ ಐದನೇ ವಾರಕ್ಕೆ ಹತ್ತಿರ ಬಂದಿರುತ್ತದೆ.

ಹೆರಿಗೆಯ ಅಂದಾಜು ದಿನ ನೀವೇ ಲೆಕ್ಕ ಹಾಕಬಹುದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಸೇರಿಸಿ, ಮೇಲೆ ಏಳು ದಿನ ಸೇರಿಸಿ. ಜೂನ್ 10 ಆಗಿದ್ದರೆ ಮಾರ್ಚ್ 17. ಇದು ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ. ಹಿಂದೆ ಮುಂದೆ ಆಗುವವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೇಳುವ ದಿನವೇ ಸರಿ. ಕೊನೆಕೊನೆಗೆ ಮಾಡಿಸುವ ಸ್ಕ್ಯಾನಿಂಗ್ ಬೇರೆ ದಿನ ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ, ಮೊದಲನೆಯದೇ ಲೆಕ್ಕಕ್ಕೆ. ಮತ್ತೆ, ಆ ದಿನವೇ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಬರಬಹುದು ಅಂತ ಇಟ್ಟುಕೊಳ್ಳಿ.

ಮೊದಲ ಮೂರು ತಿಂಗಳು: ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಎಲ್ಲವೂ ನಡೆಯುತ್ತದೆ

ಹೊಟ್ಟೆ ಕಾಣುವುದಿಲ್ಲ, ಆದರೆ ದೊಡ್ಡ ಕೆಲಸವೆಲ್ಲ ಈಗಲೇ. ಆರನೇ ವಾರದ ಹೊತ್ತಿಗೆ ಮಗುವಿನ ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಂಡಾಗಿರುತ್ತದೆ. ಹೃದಯ ಬಡಿಯಲು ಶುರು ಆಗಿರುತ್ತದೆ. ಎಂಟನೇ ವಾರಕ್ಕೆ ಮಗು ಒಂದೂವರೆ ಸೆಂಟಿಮೀಟರ್ ಚಿಲ್ಲರೆ, ಒಂದು ರಾಜ್ಮಾ ಕಾಳಿನಷ್ಟು. ಹನ್ನೆರಡನೇ ವಾರಕ್ಕೆ ತಲೆಯಿಂದ ಕುಂಡೆಯವರೆಗೆ ಐದಾರು ಸೆಂಟಿಮೀಟರ್, ಬೆರಳುಗಳೂ ಬಿಡಿಬಿಡಿ ಆಗಿರುತ್ತವೆ. ಕೈಕಾಲು ಆಡಿಸುತ್ತಿರುತ್ತದೆ, ನಿಮಗೆ ಮಾತ್ರ ಗೊತ್ತಾಗುವುದಿಲ್ಲ.

ಫೋಲಿಕ್ ಆಸಿಡ್ ಮಾತ್ರೆ ಬೇಗ ಶುರು ಮಾಡಿ ಅಂತ ಹೇಳುವುದು ಆ ಕೊಳವೆಗೋಸ್ಕರ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಅದು ಮುಚ್ಚುವ ಕೆಲಸ ನಡೆಯುತ್ತಾ ಇರುತ್ತದೆ. ಹಾಗಾಗಿ ಮಗು ಬೇಕು ಅಂತ ಅಂದುಕೊಂಡ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿದರೆ ಒಳ್ಳೆಯದು. ಇದನ್ನು ಓದುತ್ತಿರುವವರಲ್ಲಿ ಇನ್ನೂ ಬಸುರಿ ಆಗದವರು ಇದ್ದರೆ, ನಿಮಗೇ ಹೇಳುತ್ತಿರುವುದು. ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಮಾತ್ರೆ ಇರುವವರಿಗೆ ಜಾಸ್ತಿ ಡೋಸ್ ಬೇಕಾಗಬಹುದು, ಮೊದಲೇ ಕೇಳಿ.

ಇನ್ನು ವಾಂತಿ. ಬಸುರಿನ ಹಾರ್ಮೋನು ಒಂಬತ್ತು ಹತ್ತನೇ ವಾರಕ್ಕೆ ತುದಿ ಮುಟ್ಟುತ್ತದೆ, ವಾಂತಿಯೂ ಆಗಲೇ ಜಾಸ್ತಿ. ಆಮೇಲೆ ನಿಧಾನಕ್ಕೆ ಇಳಿಯುತ್ತದೆ, ಹೆಚ್ಚಿನವರಿಗೆ ನಾಲ್ಕನೇ ತಿಂಗಳಲ್ಲಿ ಊಟ ಸೇರುತ್ತದೆ. ಹುಟ್ಟಿದಾಗಿನಿಂದ ಮೀನು ತಿಂದು ಬೆಳೆದ ನನಗೆ ಪಕ್ಕದ ಮನೆಯಲ್ಲಿ ಬಂಗುಡೆ ಕಾಯಿಸಿದರೆ ಕಿಟಕಿ ಹಾಕಿಕೊಂಡು ಮಲಗಬೇಕಿತ್ತು. ನನಗೆ ಆದದ್ದು ಇಷ್ಟು: ಹಾಸಿಗೆಯಿಂದ ಏಳುವ ಮೊದಲೇ ಒಂದು ರಸ್ಕ್ ಅಥವಾ ಒಂದು ಹಿಡಿ ಒಣ ಅವಲಕ್ಕಿ, ಹತ್ತು ನಿಮಿಷ ಬಿಟ್ಟು ಎದ್ದರೆ ಹೊಟ್ಟೆ ತೊಳಸುವುದು ಕಡಿಮೆ. ಹೊಟ್ಟೆ ಖಾಲಿ ಬಿಡಲಿಲ್ಲ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಬದಿಗೆ ಮಾವಿನ ಮಿಡಿಯ ಒಂದು ಚೂರು. ತಿಳಿ ಕುಡಿದರೂ ಸಾಕು ಆ ದಿನಗಳಲ್ಲಿ. ಶುಂಠಿ ಹಾಕಿದ ಮಜ್ಜಿಗೆ ಕೆಲವರಿಗೆ ಹಿಡಿಸುತ್ತದೆ.

ಆದರೆ ಇಡೀ ದಿನ ನೀರೂ ನಿಲ್ಲದಿದ್ದರೆ, ಮೂತ್ರ ಕಡು ಹಳದಿ ಆಗಿ ತೀರಾ ಕಡಿಮೆ ಆದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ಅದು ಮಾಮೂಲು ವಾಂತಿ ಅಲ್ಲ. ಡ್ರಿಪ್ ಹಾಕಿಸಬೇಕಾಗುತ್ತದೆ. ಹಾಗೆಯೇ ಹೊಟ್ಟೆಯ ಕೆಳಗೆ ಒಂದೇ ಬದಿಯಲ್ಲಿ ಜೋರಾದ ನೋವು, ಜೊತೆಗೆ ರಕ್ತ ಕಾಣಿಸಿದರೆ ಅಥವಾ ತಲೆ ತಿರುಗಿದರೆ ನಾಳೆ ನೋಡುವ ಅನ್ನಬೇಡಿ. ಗರ್ಭ ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತಿರಬಹುದು. ಅದು ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಒಂದೆರಡು ಹನಿ ರಕ್ತ ಕಾಣಿಸಿಯೂ ಬಸುರು ಚೆನ್ನಾಗಿ ಮುಂದುವರಿದವರು ಎಷ್ಟೋ ಜನ ಇದ್ದಾರೆ. ಆದರೂ ಹೇಳದೆ ಇರಬೇಡಿ.

ಸುಸ್ತು, ಎದೆ ಭಾರ ಮತ್ತು ನೋವು, ಪದೇ ಪದೇ ಮೂತ್ರ, ಸುಮ್ನೆ ಸುಮ್ನೆ ಅಳು ಬರುವುದು, ಇದೆಲ್ಲ ಇದ್ದದ್ದೇ. ಮೂತ್ರ ಉರಿದರೆ ಮಾತ್ರ ಪರೀಕ್ಷೆ ಮಾಡಿಸಿ, ಈ ಸಮಯದಲ್ಲಿ ಸೋಂಕು ಬೇಗ ಕಿಡ್ನಿಗೆ ಏರುತ್ತದೆ.

ಮೊದಲ ಭೇಟಿ 12 ವಾರದೊಳಗೆ ಆಗಲಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ. ಖಾಸಗಿಯಲ್ಲಿ ತೋರಿಸುವವರೂ ಇದನ್ನು ಮಾಡಿಸಿಕೊಳ್ಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ಮೂತ್ರ, ಇಷ್ಟು ಪರೀಕ್ಷೆ ಈಗಲೇ ಆಗಬೇಕು. ನಿಮ್ಮದು ನೆಗೆಟಿವ್ ಗುಂಪು ಆಗಿ ಗಂಡನದ್ದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ನೀವೇ ನೆನಪು ಮಾಡಿ. ಅದನ್ನು 28ನೇ ವಾರದ ಹೊತ್ತಿಗೆ ಕೊಡುತ್ತಾರೆ, ಮಗುವಿನದು ಪಾಸಿಟಿವ್ ಬಂದರೆ ಹೆರಿಗೆ ಆದ 72 ಗಂಟೆಯೊಳಗೆ ಮತ್ತೊಮ್ಮೆ. 11ರಿಂದ 13ನೇ ವಾರದ ನಡುವೆ ಮಗುವಿನ ಕತ್ತಿನ ಹಿಂಭಾಗ ನೋಡುವ ಸ್ಕ್ಯಾನಿಂಗ್ ಇರುತ್ತದೆ, ವಾರ ತಪ್ಪಿದರೆ ಮತ್ತೆ ಮಾಡಲಾಗುವುದಿಲ್ಲ.

ನಡುವಿನ ಮೂರು ತಿಂಗಳು: ರಕ್ತ ಹೆಚ್ಚುತ್ತದೆ, ಮಗು ಒದೆಯುತ್ತದೆ

ನಾಲ್ಕನೇ ತಿಂಗಳಿನಿಂದ ಮೈ ಹಗುರ ಅನಿಸುತ್ತದೆ. ಹೊಸ ಹುರುಪು ಬರುತ್ತದೆ. ಮಗುವಿಗೆ ಬೇಕಾದದ್ದನ್ನು ಕೊಡುವ ಕೆಲಸ ಈಗ ಪೂರ್ತಿ ಮಾಸಿನದ್ದು (ಪ್ಲಾಸೆಂಟಾ). ಗರ್ಭಕೋಶ ಮೊದಲು ನಿಮ್ಮ ಮುಷ್ಟಿಯಷ್ಟಿತ್ತು, ಅರವತ್ತು ಎಪ್ಪತ್ತು ಗ್ರಾಂ. ಹನ್ನೆರಡನೇ ವಾರಕ್ಕೆ ಕೆಳಹೊಟ್ಟೆಯ ಮೂಳೆಯ ಮೇಲೆ ತಲೆ ಎತ್ತುತ್ತದೆ, ಇಪ್ಪತ್ತಕ್ಕೆ ಹೊಕ್ಕುಳ ಮುಟ್ಟುತ್ತದೆ. ಪ್ರತಿ ಸಲ ಸಿಸ್ಟರ್ ಟೇಪ್ ಹಿಡಿದು ಹೊಟ್ಟೆ ಅಳೆಯುತ್ತಾರಲ್ಲ, ಅದು ಇದಕ್ಕೇ. 24ನೇ ವಾರದ ನಂತರ ವಾರ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಇರಬೇಕು. ಎಷ್ಟು ಬಂತು ಅಂತ ಕೇಳಿ, ಬರೆದಿಟ್ಟುಕೊಳ್ಳಿ. ನಾನು ಎರಡನೇ ಸಲ ಕಾರ್ಡಿನ ಹಿಂದೆ ನಾನೇ ಬರೆದುಕೊಳ್ಳುತ್ತಿದ್ದೆ. ಬೆಳವಣಿಗೆ ನಿಂತರೆ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಮೈಯಲ್ಲಿ ಈಗ ಆಗುವ ದೊಡ್ಡ ಬದಲಾವಣೆ ರಕ್ತದ್ದು. ಬಸುರಿನ ಕೊನೆಯ ಹೊತ್ತಿಗೆ ರಕ್ತದ ಪ್ರಮಾಣ ಮೊದಲಿಗಿಂತ 40ರಿಂದ 50 ಶೇಕಡಾ ಜಾಸ್ತಿ ಆಗುತ್ತದೆ. ಆದರೆ ನೀರಿನಂಶ ಹೆಚ್ಚುವಷ್ಟು ಬೇಗ ಕೆಂಪು ಕಣ ಹೆಚ್ಚುವುದಿಲ್ಲ. ಗಂಜಿಗೆ ನೀರು ಹೊಯ್ದ ಹಾಗೆ, ತೆಳ್ಳಗಾಗುತ್ತದೆ. ಅದಕ್ಕೆ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. 11ಕ್ಕಿಂತ ಕೆಳಗೆ ಇಳಿದರೆ ಅದು ರಕ್ತಹೀನತೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಕಬ್ಬಿಣದ ಮಾತ್ರೆ, 180 ದಿನ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಇದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಕ್ಯಾಲ್ಸಿಯಂ 500 ಮಿಲಿಗ್ರಾಂ, ದಿನಕ್ಕೆರಡು.

ಮಾತ್ರೆ ತೆಗೆದುಕೊಂಡೂ ಹಿಮೋಗ್ಲೋಬಿನ್ ಏರುವುದಿಲ್ಲ ಅನ್ನುವವರು ಬಹಳ. ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಒಮ್ಮೆ ನೋಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಚಾ, ಕಾಫಿ ಜೊತೆಗೂ ಬೇಡ, ಒಂದು ಗಂಟೆ ಹಿಂದೆ ಮುಂದೆ ಇರಲಿ. ಕ್ಯಾಲ್ಸಿಯಂ ಬೆಳಗ್ಗೆ ತಿಂಡಿಗೆ ಒಂದು, ಮಧ್ಯಾಹ್ನ ಊಟಕ್ಕೆ ಒಂದು. ಕಬ್ಬಿಣ ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು, ಒಂದು ಲೋಟ ಲಿಂಬೆ ಶರಬತ್ತಿನ ಜೊತೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ಕಟ್ಟುತ್ತದೆ, ಅದು ನಿಜ. ಬಸುರಿನ ಹಾರ್ಮೋನು ಕರುಳನ್ನು ಮೊದಲೇ ಸೋಮಾರಿ ಮಾಡಿರುತ್ತದೆ, ಮೇಲೆ ಕಬ್ಬಿಣ. ನೀರು, ಬಸಳೆ, ಹರಿವೆ, ಬಾಳೆಹಣ್ಣು, ಸಂಜೆ ಅರ್ಧ ಗಂಟೆ ನಡಿಗೆ. ಆದರೂ ಆಗದಿದ್ದರೆ ಮಾತ್ರೆ ಬಿಡುವ ಮೊದಲು ಡಾಕ್ಟರಿಗೆ ಹೇಳಿ, ಬೇರೆ ಬಗೆಯದ್ದು ಕೊಡುತ್ತಾರೆ.

ಊಟದ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ದೊಡ್ಡ ಅನುಕೂಲ ಉಂಟು. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನು ಬಸುರಿಗೆ ಬಹಳ ಒಳ್ಳೆಯದು. ಮಗುವಿನ ಮೆದುಳು, ಕಣ್ಣಿಗೆ ಬೇಕಾದ ಕೊಬ್ಬು ಅದರಲ್ಲಿದೆ, ಪಾದರಸ ಕಡಿಮೆ. ಪುಳಿಮುಂಚಿ ಮಾಡಿ, ಖಾರ ಸ್ವಲ್ಪ ಕಡಿಮೆ ಹಾಕಿ, ಎದೆಯುರಿ ಇರುವವರಿಗೆ ರಾತ್ರಿ ಬೇಡ. ಬೇರೆ ಮೀನನ್ನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಪಾದರಸ ಸೇರಿಕೊಳ್ಳುತ್ತದೆ. ಹಾಗಾಗಿ ಶಾರ್ಕ್, ಅದೇ ನಮ್ಮ ತಾಟೆ, ಪೂರ್ತಿ ಬಿಡಿ. ಅಂಜಲ್ ಅಪರೂಪಕ್ಕೆ ಒಂದು ತುಂಡು ಸಾಕು. ಮರುವಾಯಿ (ಚಿಪ್ಪು) ತಿನ್ನುವುದಾದರೆ ಚೆನ್ನಾಗಿ ಬೆಂದಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಒಣಮೀನಿನ ಮೇಲೆಯೇ ನಿಲ್ಲಬೇಡಿ, ಅದರಲ್ಲಿ ಉಪ್ಪು ಜಾಸ್ತಿ. ಮೊಟ್ಟೆ, ಹೆಸರುಕಾಳು, ಕಡಲೆ ಇದೆಯಲ್ಲ. ಮೀನು ತಿನ್ನದ ಮನೆಯವರು ಹಾಲು, ಮೊಸರು, ಕಾಳು, ರಾಗಿ ಮಣ್ಣಿ, ತಿಮರೆ (ಒಂದೆಲಗ) ಚಟ್ನಿ, ಸೊಪ್ಪಿನ ಕಡೆ ಹೆಚ್ಚು ಗಮನ ಕೊಡಿ, ಬಿ12 ಬಗ್ಗೆ ಡಾಕ್ಟರಲ್ಲಿ ಕೇಳಿ. ಹಣ್ಣಾದ ಪಪ್ಪಾಯಿ ತಿನ್ನಬಹುದು, ಹಾಲು ಒಸರುವ ಕಾಯಿ ಬೇಡ. ಕೇಸರಿ ಹಾಕಿದ ಹಾಲಿನಿಂದ ಮಗು ಬೆಳ್ಳಗಾಗುವುದಿಲ್ಲ. ಬಣ್ಣ ಅಪ್ಪ ಅಮ್ಮನಿಂದ ಬರುವುದು.

ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆ ತಂದು ಮಾಡುವ ಕಷಾಯ ಬಸುರಿಯರು ಕುಡಿಯುವುದು ಬೇಡ ಅಂತ ನಾನು ಹೇಳುತ್ತೇನೆ. ಎಷ್ಟು ಕಡುಪು, ಯಾರು ಎಷ್ಟು ತೊಗಟೆ ಹಾಕಿದ್ದಾರೆ, ಒಂದಕ್ಕೂ ಅಳತೆ ಇಲ್ಲ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದು ವಿಷವೇ. ಹಿರಿಯರು ಬೇಸರ ಮಾಡಿಕೊಂಡರೆ ಒಂದು ವರ್ಷ ಬಿಟ್ಟು ಕುಡಿಯುತ್ತೇನೆ ಅನ್ನಿ.

18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಮಗುವಿನ ಹೃದಯ, ಮೆದುಳು, ಬೆನ್ನು, ಕಿಡ್ನಿ, ಕೈಕಾಲು ಒಂದೊಂದಾಗಿ ನೋಡುತ್ತಾರೆ. ಮಾಸು ಎಲ್ಲಿ ಕೂತಿದೆ ಅಂತಲೂ. ಗಂಡೋ ಹೆಣ್ಣೋ ಕೇಳಬೇಡಿ, 1994ರ ಕಾಯ್ದೆ ಪ್ರಕಾರ ಕೇಳುವುದೂ ಹೇಳುವುದೂ ಅಪರಾಧ. ಇದೇ ಹೊತ್ತಿಗೆ ಮೊದಲ ಸಲ ಮಗು ಆಡುವುದು ಗೊತ್ತಾಗುತ್ತದೆ. ಚೊಚ್ಚಲಿನವರಿಗೆ 18ರಿಂದ 20 ವಾರ, ಎರಡನೇ ಸಲದವರಿಗೆ ಇನ್ನೂ ಸ್ವಲ್ಪ ಮೊದಲು. ಒದೆಯುವ ಹಾಗೆ ಇರುವುದಿಲ್ಲ, ನೀರಿನಲ್ಲಿ ಸಣ್ಣ ಮೀನು ಬಾಲ ಬಡಿದ ಹಾಗೆ. ಗ್ಯಾಸ್ ಇರಬೇಕು ಅಂತ ನಾನು ಒಂದು ವಾರ ಸುಮ್ಮನಿದ್ದೆ. ಮಗು ಆಗ ಸುಮಾರು 300 ಗ್ರಾಂ. 25ನೇ ವಾರದ ಹೊತ್ತಿಗೆ ಶಬ್ದಕ್ಕೆ ಬೆಚ್ಚುತ್ತದೆ. ಊರಿನ ಕೋಲಕ್ಕೆ ಹೋಗಿದ್ದಾಗ ತಾಸೆ ಶುರು ಆದ ಕೂಡಲೇ ಹೊಟ್ಟೆಯೊಳಗೆ ಒಂದು ಕುಪ್ಪಳಿಕೆ, ಅದು ನನಗೆ ಇನ್ನೂ ನೆನಪಿದೆ. ಮಾತಾಡಿ ಅದರ ಹತ್ತಿರ. ತುಳುವೋ ಕೊಂಕಣಿಯೋ ಕನ್ನಡವೋ ಬ್ಯಾರಿಯೋ, ಅದಕ್ಕೆ ನಿಮ್ಮ ದನಿ ಗುರುತು ಸಿಗುತ್ತದೆ.

ಹೊಟ್ಟೆಯ ಮೇಲೆ ಕಪ್ಪು ಗೆರೆ, ಮುಖದಲ್ಲಿ ಕಂದು ಕಲೆ, ಚರ್ಮ ಬಿರಿದ ಗುರುತು, ವಸಡಿನಲ್ಲಿ ರಕ್ತ, ಇವಕ್ಕೆ ಚಿಂತೆ ಬೇಡ. ಮೈಯೆಲ್ಲ ತುರಿಕೆ, ಅದರಲ್ಲೂ ಅಂಗೈ ಅಂಗಾಲಿನಲ್ಲಿ ರಾತ್ರಿ ನಿದ್ದೆ ಕೆಡಿಸುವ ತುರಿಕೆ ಬಂದರೆ ಮಾತ್ರ ಲಿವರ್ ಪರೀಕ್ಷೆ ಮಾಡಿಸಬೇಕು. ನಮ್ಮ ಸೆಕೆಗೆ ಬೆವರುಸಾಲೆ ಅಂತ ಪೌಡರ್ ಹಾಕಿ ಬಿಟ್ಟುಬಿಡುವವರು ಜಾಸ್ತಿ.

ಬಯಕೆಯ ಮೊದಲು ಸಕ್ಕರೆ, ಬಯಕೆಯ ನಂತರ ಫೈಲು

24ರಿಂದ 28ನೇ ವಾರದೊಳಗೆ ಸಕ್ಕರೆ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಮೊದಲನೆಯದು ಸರಿ ಇದ್ದರೂ ಆಗಬೇಕು, ಯಾಕೆಂದರೆ ಮಾಸಿನ ಹಾರ್ಮೋನುಗಳು ಇನ್ಸುಲಿನ್ ಕೆಲಸವನ್ನು ತಡೆಯುವುದು ಈಗಲೇ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಮೇಲೆ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಬಯಕೆ ಶಾಸ್ತ್ರದ (ಸೀಮಂತದ) ದಿನ ಬಾಳೆಲೆ ತುಂಬ ಸಿಹಿ ಬಡಿಸುತ್ತಾರೆ, ಆಮೇಲೆ ನೆಂಟರ ಮನೆಯಿಂದ ಹೋಳಿಗೆ, ಲಾಡು ಬರುತ್ತಲೇ ಇರುತ್ತದೆ. ಅದಕ್ಕಿಂತ ಮೊದಲೇ ರಿಪೋರ್ಟ್ ಕೈಯಲ್ಲಿ ಇರಲಿ. ಸಕ್ಕರೆ ಬಂತು ಅಂತ ಉಪವಾಸ ಬೇಡ. ಅನ್ನ ಕಡಿಮೆ, ಪಲ್ಯ, ಕಾಳು, ಮೀನು ಜಾಸ್ತಿ, ಊಟವಾದ ಮೇಲೆ ನಡಿಗೆ. ಇಷ್ಟಕ್ಕೇ ಹತೋಟಿಗೆ ಬರುವವರು ಬಹಳ ಜನ.

ಶಾಸ್ತ್ರ ಮುಗಿದ ಮೇಲೆ ಹುಡುಗಿ ತವರಿಗೆ. ಮಂಗಳೂರಿನಲ್ಲಿ ತೋರಿಸುತ್ತಿದ್ದವಳು ಸುಳ್ಯಕ್ಕೋ ಬೈಂದೂರಿಗೋ ಹೋಗುತ್ತಾಳೆ. ಚೆನ್ನಾಗಿ ಆರೈಕೆ ಸಿಗುತ್ತದೆ, ಸರಿ. ಆದರೆ ಬಿಪಿ, ಸಕ್ಕರೆ, ಮಗುವಿನ ಬೆಳವಣಿಗೆ ಜಾಸ್ತಿ ನೋಡಬೇಕಾದ ಸಮಯದಲ್ಲೇ ಡಾಕ್ಟರು ಬದಲಾಗುತ್ತಾರೆ. ಸೀರೆ, ಬಳೆ, ಹೂವು ಎಲ್ಲ ನೆನಪಿರುತ್ತದೆ, ಫೈಲು ಗಂಡನ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ಹಾಗೆ ಆಗಬಾರದು. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್, ರಕ್ತದ ಗುಂಪು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ, ಎಲ್ಲದರ ಫೋಟೋ ತೆಗೆದು ಅಮ್ಮನಿಗೂ ಗಂಡನಿಗೂ ಕಳಿಸಿಡಿ. ತವರಿಗೆ ಹೋದ ವಾರವೇ ಅಲ್ಲಿನ ಡಾಕ್ಟರಿಗೆ ತೋರಿಸಿ. ಹೆರಿಗೆ ಮಾಡಿಸುವಲ್ಲಿ ರಾತ್ರಿ ಹೊತ್ತಿಗೂ ಸಿಸೇರಿಯನ್ ಆಗುತ್ತದಾ, ರಕ್ತ ಸಿಗುತ್ತದಾ, ಹಸುಗೂಸಿನ ಐಸಿಯು ಉಂಟಾ ಅಂತ ಮುಖಕ್ಕೆ ಮುಖ ಕೇಳಿ. ಇಲ್ಲ ಅಂದರೆ ಎಲ್ಲಿಗೆ ಕಳಿಸುತ್ತಾರೆ ಅಂತಲೂ ಕೇಳಿ.

ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ಜಿಲ್ಲೆಯ ಮೂಲೆಮೂಲೆಯಿಂದ ಬರುತ್ತಾರೆ. ಪ್ರತಿ ತಿಂಗಳು 9ನೇ ತಾರೀಕಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ, ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5000 ರೂಪಾಯಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ಕೇಳಲು ಸಂಕೋಚ ಬೇಡ.

ಕೊನೆಯ ಮೂರು ತಿಂಗಳು: ಇಲ್ಲಿ ಕಣ್ಣಿಟ್ಟಿರಿ

28ನೇ ವಾರಕ್ಕೆ ಮಗು ಸುಮಾರು ಒಂದು ಕೆಜಿ, ಕಣ್ಣು ಬಿಡುತ್ತದೆ. 32ಕ್ಕೆ ಒಂದೂ ಮುಕ್ಕಾಲು ಹತ್ತಿರ. ಕೊನೆಯ ಎರಡು ತಿಂಗಳು ಚರ್ಮದ ಕೆಳಗೆ ಕೊಬ್ಬು ತುಂಬುತ್ತದೆ, ಶ್ವಾಸಕೋಶ ಉಸಿರಾಟಕ್ಕೆ ತಯಾರಾಗುತ್ತದೆ. ಗಾಳಿಗೂಡುಗಳು ಅಂಟಿಕೊಳ್ಳದ ಹಾಗೆ ಒಂದು ಜಾರುವ ಪದಾರ್ಥ ಬೇಕು, ಅದು ಸಾಕಷ್ಟು ಆಗುವುದು 34, 35ನೇ ವಾರದ ಹೊತ್ತಿಗೆ. 33ನೇ ವಾರದಲ್ಲಿ ನಾನು ಅಡ್ಮಿಟ್ ಆದಾಗ ಮೊದಲು ಕೊಟ್ಟದ್ದು ಸ್ಟೀರಾಯ್ಡ್ ಇಂಜೆಕ್ಷನ್. ಹೆದರಿದ್ದೆ. ಮಗು ಬೇಗ ಹುಟ್ಟಿದರೂ ಉಸಿರಾಡಲಿ ಅಂತ ಕೊಡುವುದು ಅಂತ ಆಮೇಲೆ ಗೊತ್ತಾಯಿತು.

ನಿಮಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯುರಿ, ಸೊಂಟನೋವು, ರಾತ್ರಿ ಮೀನಖಂಡ ಹಿಡಿಯುವುದು, ಮೂಲವ್ಯಾಧಿ. ಗರ್ಭಕೋಶ ಪಕ್ಕೆಲುಬಿನವರೆಗೆ ಏರಿದೆ, ಹೊಟ್ಟೆ, ಕರುಳು, ಶ್ವಾಸಕೋಶ ಎಲ್ಲ ಒತ್ತಿಕೊಂಡು ಜಾಗ ಬಿಟ್ಟಿವೆ. ಒಟ್ಟು ಹತ್ತು ಹನ್ನೆರಡು ಕೆಜಿ ತೂಕ ಹೆಚ್ಚುತ್ತದೆ. ಅದರಲ್ಲಿ ಮಗು ಮೂರು ಕೆಜಿ, ಮಾಸು ಅರ್ಧ ಕೆಜಿಗೂ ಮೇಲೆ, ಗರ್ಭಕೋಶವೇ ಒಂದು ಕೆಜಿ, ಉಳಿದದ್ದು ರಕ್ತ, ನೀರು, ಕೊಬ್ಬು. ಮಲಗುವುದು ಮಗ್ಗುಲಿಗೆ, ಎಡಕ್ಕಾದರೆ ಇನ್ನೂ ಒಳ್ಳೆಯದು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ವಾಪಸ್ ಹೋಗುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ.

ಈಗ ನನ್ನ ಉಂಗುರದ ವಿಷಯ. ಸಂಜೆ ಹೊತ್ತಿಗೆ ಪಾದ ಊದಿ, ರಾತ್ರಿ ಕಾಲು ಎತ್ತರಕ್ಕೆ ಇಟ್ಟು ಮಲಗಿ, ಬೆಳಗ್ಗೆ ಇಳಿದರೆ ಮಾಮೂಲು. ಬೆಳಗ್ಗೆ ಎದ್ದಾಗಲೇ ಮುಖ, ಕೈ, ಕಣ್ಣಿನ ಸುತ್ತ ಊದಿದ್ದರೆ ಬಿಪಿ ನೋಡಿಸಿ. ಇಪ್ಪತ್ತು ವಾರದ ನಂತರ ಬಿಪಿ 140/90 ಅಥವಾ ಮೇಲೆ ಹೋದರೆ ಅದನ್ನು ಹಗುರ ಮಾಡಬಾರದು. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದ ಹಾಗೆ ಕಾಣುವುದು, ಬಲಪಕ್ಕೆಯ ಕೆಳಗೆ ನೋವು, ಇದ್ದಕ್ಕಿದ್ದ ಹಾಗೆ ತೂಕ ಏರುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೊರಡಿ. ಮುಂದುವರಿದರೆ ಫಿಟ್ಸ್ ಬರಬಹುದು. ಉಂಗುರಗಳನ್ನು ಏಳನೇ ತಿಂಗಳಲ್ಲೇ ತೆಗೆದಿಡಿ. ಬಯಕೆಗೆ ಹಾಕುವ ಹಸಿರು ಬಳೆ ಸ್ವಲ್ಪ ದೊಡ್ಡ ಅಳತೆಯದ್ದೇ ಇರಲಿ. ಅದು ಬಿಗಿಯಾಗುತ್ತಾ ಬಂದರೆ ನಿಮಗೇ ಗೊತ್ತಾಗುತ್ತದೆ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ವಾರಕ್ಕೆರಡು ಸಲ ನೋಡಿ ಬರೆದಿಡಿ. ಮೊದಲ ಸಲ ಹೀಗಾದ ಕಾರಣ ನನಗೆ ಎರಡನೇ ಬಸುರಿನಲ್ಲಿ 12ನೇ ವಾರದಿಂದಲೇ ಸಣ್ಣ ಡೋಸ್ ಆಸ್ಪಿರಿನ್ ಕೊಟ್ಟರು, ಬಿಪಿ ಕೊನೆಯವರೆಗೂ ನೆಟ್ಟಗಿತ್ತು. ಡಾಕ್ಟರು ಬರೆಯದೆ ನೀವಾಗಿ ತೆಗೆದುಕೊಳ್ಳಬೇಡಿ. ಹಿಂದಿನ ಸಲ ಬಿಪಿ ಏರಿತ್ತು ಅನ್ನುವುದನ್ನು ಮಾತ್ರ ಮೊದಲ ಭೇಟಿಯಲ್ಲೇ ಹೇಳಿ.

ಮಗುವಿನ ಆಟ ಇನ್ನೊಂದು. 28ನೇ ವಾರದಿಂದ ನಿಮ್ಮ ಮಗು ಯಾವ ಹೊತ್ತಿಗೆ ಹೇಗೆ ಆಡುತ್ತದೆ ಅಂತ ನಿಮಗೆ ಅಭ್ಯಾಸ ಆಗುತ್ತದೆ. ಕೊನೆಗೆ ಜಾಗ ಕಡಿಮೆ ಆಗಿ ಆಟದ ಬಗೆ ಬದಲಾಗುತ್ತದೆ, ಒದೆಯುವ ಬದಲು ಹೊರಳುತ್ತದೆ, ಆದರೆ ಆಟ ಕಡಿಮೆ ಆಗಬಾರದು. "ತಿಂಗಳು ತುಂಬಿತು, ಇನ್ನು ಮಗು ಸುಮ್ನಾಗ್ತದೆ" ಅನ್ನುವ ಮಾತು ತಪ್ಪು, ದಯವಿಟ್ಟು ನಂಬಬೇಡಿ. ಸಂಶಯ ಬಂದರೆ ಏನಾದರೂ ತಿಂದು ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ಆಗಲೇ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅನ್ನಬೇಡಿ. ಸುಮ್ನೆ ಹೋದ ಹಾಗಾಯಿತು ಅಂತ ಯಾರಾದರೂ ಅಂದರೆ ಅನ್ನಲಿ.

ಜ್ವರದ ಬಗ್ಗೆಯೂ ಹೇಳಲೇಬೇಕು. ಮಂಗಳೂರಿನಲ್ಲಿ ಮಲೇರಿಯಾ ಹಳೆಯದು, ಮಳೆಗಾಲದಲ್ಲಿ ಡೆಂಗ್ಯೂ, ಗದ್ದೆ ನೀರಿನಲ್ಲಿ ಓಡಾಡುವವರಿಗೆ ಇಲಿಜ್ವರ. ಬಸುರಿಗೆ ಮಲೇರಿಯಾ ಬಂದರೆ ರಕ್ತ ಬೇಗ ಇಳಿಯುತ್ತದೆ, ಮಗುವಿನ ತೂಕ ಕಡಿಮೆ ಆಗುತ್ತದೆ, ಗರ್ಭಪಾತವೂ ಆಗಬಹುದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಎರಡು ದಿನ ನೋಡುವುದು ಬೇಡ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ಪ್ಯಾರಾಸಿಟಮಾಲ್ ಆಗಬಹುದು, ಐಬುಪ್ರೊಫೆನ್ ಬೇಡ. ಸೊಳ್ಳೆಪರದೆ ಕಟ್ಟಿಯೇ ಮಲಗಿ.

ನೋವು ಶುರು ಆದಾಗ

36ನೇ ವಾರಕ್ಕೆ ಹೆಚ್ಚಿನ ಮಕ್ಕಳ ತಲೆ ಕೆಳಗೆ ತಿರುಗಿರುತ್ತದೆ. ಹೊಟ್ಟೆ ಜಾರಿದ ಹಾಗೆ ಕಾಣುತ್ತದೆ, ಉಸಿರು ಸಲೀಸು, ಮೂತ್ರಕ್ಕೆ ಮಾತ್ರ ಗಳಿಗೆಗೊಮ್ಮೆ. ಹೊಟ್ಟೆ ಆಗಾಗ ಕಲ್ಲಿನ ಹಾಗೆ ಬಿಗಿದು ಸಡಿಲ ಆಗುತ್ತದೆ. ನಡೆದಾಡಿದರೆ, ನೀರು ಕುಡಿದು ಮಲಗಿದರೆ ಆ ಬಿಗಿತ ನಿಂತುಹೋಗುವುದಾದರೆ ಅದು ಸುಳ್ಳು ನೋವು. ನಿಜವಾದದ್ದು ನಿಲ್ಲುವುದಿಲ್ಲ. ಸೊಂಟದಿಂದ ಮುಂದೆ ಬರುತ್ತದೆ, ಅಂತರ ಕಡಿಮೆ ಆಗುತ್ತಾ ಹೋಗುತ್ತದೆ, ಜೋರಾಗುತ್ತಾ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ, ಹೀಗೆ ಒಂದು ಗಂಟೆ ಆದರೆ ಹೊರಡಿ ಅಂತ ಲೆಕ್ಕ. ಆಸ್ಪತ್ರೆ ದೂರ ಇರುವವರು, ಎರಡನೇ ಹೆರಿಗೆಯವರು, ಜುಲೈ ಮಳೆಯಲ್ಲಿ ತೋಡು ದಾಟಿ ಬರಬೇಕಾದವರು ಅಷ್ಟು ಕಾಯಬೇಡಿ. ನೀರು ಹೋದರೆ ನೋವು ಇಲ್ಲದಿದ್ದರೂ ಹೊರಡಿ, ನೀರು ಹಸಿರು ಬಣ್ಣ ಇದ್ದರೆ ಇನ್ನೂ ಬೇಗ. ರಕ್ತ ಹೋದರೆ, ಆ ಗಳಿಗೆಯಲ್ಲೇ. 37 ವಾರ ತುಂಬುವ ಮೊದಲೇ ಇಂಥ ನೋವು ಬಂದರೆ ಗಂಟೆ ಎಣಿಸುತ್ತಾ ಕೂರಬೇಡಿ. ಗಾಡಿ ಸಿಗದಿದ್ದರೆ 108.

ಮಗು ಹೊರಬಂದ ಮೊದಲ ಉಸಿರಿಗೆ ಶ್ವಾಸಕೋಶದಲ್ಲಿ ತುಂಬಿದ್ದ ನೀರಿನ ಜಾಗಕ್ಕೆ ಗಾಳಿ ಬರುತ್ತದೆ. ಅದನ್ನು ನಿಮ್ಮ ಎದೆಯ ಮೇಲೆ ಹಾಕಲು ಕೇಳಿ, ಒಂದು ಗಂಟೆಯೊಳಗೆ ಹಾಲು ಕುಡಿಸಿ. ಮೊದಲು ಬರುವ ಹಳದಿ ಗಿಣ್ಣು ಹಾಲು ಒಂದು ಹನಿಯೂ ಚೆಲ್ಲಬೇಡಿ. ಜೇನು, ಸಕ್ಕರೆ ನೀರು ಯಾವುದೂ ಬೇಡ. ಮಗು ಹಾಲು ಚೀಪುವಾಗ ನಿಮ್ಮ ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ. ಗರ್ಭಕೋಶ ಮುದುಡುತ್ತಿದೆ ಅಂತ ಅರ್ಥ, ಅದರಿಂದಲೇ ರಕ್ತ ನಿಲ್ಲುವುದು. ಹೆರಿಗೆಯಾದ ದಿನ ಹೊಕ್ಕುಳ ಮಟ್ಟದಲ್ಲಿ ಗಟ್ಟಿ ಗಂಟಿನ ಹಾಗೆ ಕೈಗೆ ಸಿಗುತ್ತದೆ, ಹತ್ತು ಹದಿನೈದು ದಿನಕ್ಕೆ ಮೂಳೆಯ ಕೆಳಗೆ ಇಳಿಯುತ್ತದೆ. ಬಿಪಿ ಏರಿದವರು ಬಾಣಂತನದಲ್ಲೂ ನೋಡಿಸುತ್ತಾ ಇರಿ, ಹೆರಿಗೆಯ ನಂತರವೂ ಫಿಟ್ಸ್ ಬರುವುದುಂಟು. ಆರನೇ ವಾರಕ್ಕೆ ಗರ್ಭಕೋಶ ಮತ್ತೆ ಮುಷ್ಟಿಯಷ್ಟಾಗುತ್ತದೆ. ಆಗ ಒಮ್ಮೆ ಹೋಗಿ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ಮೂರೂ ನೋಡಿಸಿಕೊಂಡು ಬನ್ನಿ, ಮಗುವಿನ ಚುಚ್ಚುಮದ್ದಿಗೂ ಅದೇ ವಾರ ಹೋಗಬೇಕಲ್ಲ.